ಭಾವನ ಕಾರು ಹಳೆಯದಾದ ದಿನ

ಕಾರು ಯಾವಾಗ ಹಳೆಯದಾಗುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಭಾವನ ಮುಂದೆ ಎತ್ತಬಾರದು. ಎತ್ತಿದವರ ಅರ್ಧ ದಿನದ ಕೆಲಸ ಕೆಟ್ಟಿತೆಂದೇ ತಿಳಿಯಿರಿ. ವಿಮೆಯವನು ಒಮ್ಮೆ ಬಾಯಿತಪ್ಪಿ, "ಇಷ್ಟು ವರ್ಷ ಆದ್ಮೇಲೆ ಅದು ಹಳೇ ಗಾಡೀನೇ ಸರ್" ಎಂದ. ಭಾವ ಅವನಿಗೆ ಕುರ್ಚಿ ಎಳೆದು ಕೂರಿಸಿ, "ನಿಮ್ಮ ತಂದೆಗೆ ಎಷ್ಟು ವರ್ಷ? ಅವರನ್ನ ಗುಜರಿಗೆ ಹಾಕಿದ್ರಾ?" ಎಂದು ಕೇಳಿದರು. ಆಮೇಲೆ ಅವನು ಫೋನಿನಲ್ಲೇ ಮಾತಾಡತೊಡಗಿದ. ಕಾರಿನ ಮೆಕ್ಯಾನಿಕ್ಕು, "ಸಾಮಾನು ಅಂಗಡೀಲಿ ಸಿಗದೆ ಊರೆಲ್ಲ ಹುಡುಕೋ ಹಾಗಾದ್ರೆ ಹಳೇದು ಮೇಷ್ಟ್ರೇ" ಎಂದರೆ, "ಹುಡುಕೋಕೆ ನಿಂಗೆ ಸೋಮಾರಿತನ ಅಂತ ಹೇಳು" ಎಂದು ಅವನ ಬಾಯಿ ಮುಚ್ಚಿಸುತ್ತಿದ್ದರು. ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುವ ಕಾರು ಹಳೆಯದಲ್ಲ, ಇದು ಭಾವನ ಕಾನೂನು. ಅವರ ಕಾರು ಸ್ಟಾರ್ಟ್ ಆಗುತ್ತಿತ್ತು. ಅಷ್ಟರಮಟ್ಟಿಗೆ ಅದು ಮರ್ಯಾದಸ್ಥ ಕಾರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಡ್ರೈವಿಂಗ್ ಸ್ಕೂಲ್ ಇಟ್ಟವರು. ಊರಿಗೆಲ್ಲ ಅವರು 'ಕ್ಲಚ್ ಮೇಷ್ಟ್ರು', ಏಕೆಂದರೆ ಅವರ ಬಾಯಿಂದ ದಿನಕ್ಕೆ ಅತಿ ಹೆಚ್ಚು ಬೀಳುವ ಮಾತೇ ಅದು. ಸ್ಕೂಲು ಎಂದರೆ ದೊಡ್ಡದೇನೂ ಅಲ್ಲ, ಮನೆಯ ಮುಂದಿನ ಕೋಣೆ. ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಮೂಲೆಯಲ್ಲಿ ಕಬ್ಬಿಣದ ಕಾಲಿನ ಮೇಲೆ ನಿಲ್ಲಿಸಿದ ಒಂದು ಬಿಡಿ ಸ್ಟೇರಿಂಗು, ಅದರ ಕೆಳಗೆ ಹಲಗೆಗೆ ಬಡಿದ ಮೂರು ಪೆಡಲು. ಬಾಗಿಲ ಪಕ್ಕದ ಮೇಜಿನ ಹಿಂದೆ ನಾನು. ಫೋನ್ ಎತ್ತುವುದು, ಯಾರ ಪಾಠ ಎಷ್ಟು ಗಂಟೆಗೆ ಎಂದು ಹೇಳುವುದು, ಮೊದಲ ದಿನ ಕೈ ನಡುಗುವವರಿಗೆ ನೀರು ಕೊಡುವುದು ನನ್ನ ಕೆಲಸ. ಭಾವನಿಗೆ ಎದುರುತ್ತರ ಕೊಡುವುದನ್ನು ಸಂಬಳವಿಲ್ಲದೆ ಮಾಡುತ್ತೇನೆ.

ಆ ಕಾರಿಗೆ ಕಲಿಯುವವರು ಇಟ್ಟ ಹೆಸರು 'ಅತ್ತೆ'. ಅದರ ಮರ್ಜಿ ಹಿಡಿಯದೆ ಯಾರಿಗೂ ಬಾಳುವೆ ಇಲ್ಲ ಎಂಬ ಅರ್ಥದಲ್ಲಿ. ಒಂದು ಕಾಲಕ್ಕೆ ಬಿಳಿ ಇದ್ದ ಬಣ್ಣ ಈಗ ಹಾಲು ಹೆಚ್ಚಾದ ಟೀಯ ಬಣ್ಣ. ಡ್ರೈವರ್ ಕಡೆಯ ಬಾಗಿಲು ಜೋತುಬಿದ್ದಿದೆ, ಸ್ವಲ್ಪ ಮೇಲಕ್ಕೆ ಎತ್ತಿ ಹಾಕಿದರೆ ಮಾತ್ರ ಕೂರುತ್ತದೆ. ಕ್ಲಚ್ಚು ಸವೆದು ಸವೆದು, ಕಾಲನ್ನು ಹೆಚ್ಚುಕಡಿಮೆ ಪೂರ್ತಿ ಮೇಲಕ್ಕೆ ತಂದ ಮೇಲೆಯೇ ಕಾರು ಮುಂದೆ ಸರಿಯುವುದು. ಸ್ಟೇರಿಂಗು ಎಡಕ್ಕೆ ಎಳೆಯುತ್ತದೆ, ಆದ್ದರಿಂದ ನೇರ ಹೋಗಬೇಕಾದರೆ ಒಂಚೂರು ಬಲಕ್ಕೆ ಹಿಡಿದಿರಬೇಕು. ಬೇರೆ ಕಾರುಗಳಲ್ಲಿ ತಿರುವು ಮುಗಿದ ಮೇಲೆ ಇಂಡಿಕೇಟರ್ ತಾನೇ ಆರುತ್ತದೆ, ಇದರಲ್ಲಿ ಆರುವುದಿಲ್ಲ. ಕೈಯಿಂದ ಹಿಂದಕ್ಕೆ ತಳ್ಳಬೇಕು.

ಇದನ್ನೆಲ್ಲ ಭಾವ ಕಾರಿನ ದೋಷವೆಂದು ಹೇಳಿಕೊಡುತ್ತಿರಲಿಲ್ಲ. ಡ್ರೈವಿಂಗ್ ಎಂದೇ ಹೇಳಿಕೊಡುತ್ತಿದ್ದರು. "ಬಾಗಿಲು ಎತ್ತಿ ಹಾಕು. ಕಾಲು ಬೇಗ ಬೇಗ ಮೇಲಕ್ಕೆ ತಾ, ಕೊನೇಲಿ ನಿಧಾನ. ಕೈ ಬಲಕ್ಕಿರಲಿ, ಬಲಕ್ಕೆ! ತಿರುಗಿದ್ಯಾ? ಇಂಡಿಕೇಟರ್ ತಳ್ಳು." ಈ ಮಾತುಗಳನ್ನು ಕೇಳಿ ಕೇಳಿ ನಮ್ಮ ಬೀದಿಯ ಚಿಕ್ಕ ಮಕ್ಕಳೂ ಕಾರಾಟ ಆಡುವಾಗ ಗಾಳಿಯಲ್ಲಿ ಬಾಗಿಲು ಎತ್ತಿ ಹಾಕುತ್ತಿದ್ದವು. ಯಾರೂ ಇದನ್ನು ವಿಚಿತ್ರ ಎಂದುಕೊಳ್ಳಲಿಲ್ಲ, ನಾನೂ ಅಂದುಕೊಳ್ಳಲಿಲ್ಲ. ಪರೀಕ್ಷೆಗೂ ಅದೇ ಕಾರು ಹೋಗುತ್ತಿತ್ತು, ಅದನ್ನೇ ಓಡಿಸಿ ಎಲ್ಲರೂ ಪಾಸಾಗಿ ಬರುತ್ತಿದ್ದರು. ಭಾವ ಕಾಲರ್ ಸರಿಮಾಡಿಕೊಂಡು ತಿರುಗುತ್ತಿದ್ದರು.

ಇಷ್ಟು ಜನಕ್ಕೆ ಕಲಿಸಿದ ಮನುಷ್ಯ ಸ್ವಂತ ಹೆಂಡತಿಗೆ ಮಾತ್ರ ಕಲಿಸಿರಲಿಲ್ಲ. ಅಕ್ಕ ಕೇಳಿದಾಗಲೆಲ್ಲ, "ನಾನಿದ್ದೀನಲ್ಲ, ಎಲ್ಲಿಗೆ ಬಿಡಬೇಕು ಹೇಳು" ಎಂದು ತೇಲಿಸಿಬಿಡುತ್ತಿದ್ದರು. ಅವಳೂ ಸುಮ್ಮನಾಗುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸು, ವಾರ್ಡಿನ ಕೆಲಸ. ನಿಂತು ನಿಂತು ಮಂಡಿ ಹೋಗಿತ್ತು. ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುವಾಗ ಗೋಡೆ ಹಿಡಿದು ಒಂದು ಕ್ಷಣ ಹಾಗೇ ನಿಲ್ಲುತ್ತಿದ್ದಳು. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು, ಭಾವನಿಗೂ ಆಗುತ್ತಿತ್ತು. ಆದರೆ ಅವರು ಸಂಕಟವಾದಾಗ ಹೊರಗೆ ಹೋಗಿ ಕಾರು ಒರೆಸುವ ಜಾತಿ.

ಹೀಗಿರುವಾಗ ಆಸ್ಪತ್ರೆಯಲ್ಲಿ ಒಂದು ಹೊಸ ಕೆಲಸ ಹುಟ್ಟಿತು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ಕಟ್ಟಿ, ಔಷಧಿ ಕೊಟ್ಟು ಬರುವುದು. ಕೂತು ಮಾಡುವ ಕೆಲಸ, ಹಗಲಿನ ಕೆಲಸ, ಜೊತೆಗೆ ಆಸ್ಪತ್ರೆಯದೇ ಸಣ್ಣ ಕಾರು. ಆದರೆ ಅದನ್ನು ನರ್ಸೇ ಓಡಿಸಬೇಕು. ಮೇಟ್ರನ್ ಅಕ್ಕನನ್ನು ಕರೆದು, "ಕೆಲಸ ನಿಮಗೇ ಅಂತ ಇಟ್ಟಿದ್ದೀನಿ. ಮುಂದಿನ ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸಿ. ಇಲ್ಲದಿದ್ರೆ ಓಡಿಸೋಕೆ ಬರೋ ಇನ್ನೊಬ್ರಿಗೆ ಕೊಡಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ" ಎಂದರು.

ಅವತ್ತು ಸಂಜೆ ಅಕ್ಕ ಕೇಳಲಿಲ್ಲ, ಹೇಳಿದಳು. "ರೀ, ನಾಳೆಯಿಂದ ನನಗೆ ಕಲಿಸ್ತೀರಿ."

ಭಾವ ನನ್ನ ಮುಖ ನೋಡಿದರು. ನಾನು ಫೋನಿನ ಮುಖ ನೋಡಿದೆ.

ಗಂಡ ಕಲಿಸುವುದು, ಹೆಂಡತಿ ಕಲಿಯುವುದು ಹೇಗಿರುತ್ತದೆ ಎಂದು ನೋಡಬೇಕಾದರೆ ಹಿಂದಿನ ಸೀಟಿನಲ್ಲಿ ಕೂತಿರಬೇಕು. ನಾನು ಕೂತಿದ್ದೆ, ಜಗಳ ಬಿಡಿಸಲು. ಆಸ್ಪತ್ರೆಯ ಹಿಂದಿನ ಅಗಲ ರಸ್ತೆಯಲ್ಲಿ ಭಾವ "ಕ್ಲಚ್!" ಎಂದು ಕೂಗಿದರೆ ಅಕ್ಕ, "ನಾನೇನು ಕಿವುಡೀನಾ?" ಎನ್ನುತ್ತಿದ್ದಳು. "ಕೈ ಬಲಕ್ಕೆ" ಎಂದರೆ, "ಮದುವೆಯಾದಾಗಿಂದ ನೀವು ಹೇಳಿದ ಕಡೆಗೇ ಇದ್ದೀನಿ" ಎನ್ನುತ್ತಿದ್ದಳು. ಆದರೂ ಕಲಿತಳು. ಸೂಜಿ ಹಿಡಿದು ಪಳಗಿದ ಕೈ, ಒಂದು ಸಲ ತೋರಿಸಿದರೆ ಸಾಕು. ಕೆಲವೇ ದಿನಗಳಲ್ಲಿ ಅತ್ತೆಯ ಒಂದೊಂದು ಮರ್ಜಿಯೂ ಅವಳಿಗೆ ಕರಗತವಾಯಿತು. ಭಾವ ನನ್ನ ಬಳಿ ಗುಟ್ಟಾಗಿ, "ನನ್ನ ಕೈಯಲ್ಲಿ ಕಲಿತವರಲ್ಲಿ ಇಷ್ಟು ಚೆನ್ನಾಗಿ ಈ ಕಾರು ಓಡಿಸೋರು ಯಾರೂ ಇಲ್ಲ ಕಣೇ" ಎಂದರು. ಹೇಳಿದ್ದು ನಿಜ. ಕೇಡು ಅಲ್ಲೇ ಇತ್ತು, ನಮಗೆ ತಿಳಿಯಲಿಲ್ಲ.

ಆ ತಿಂಗಳೇ ಪರೀಕ್ಷೆಯ ನಿಯಮ ಬದಲಾಯಿತು. ಇನ್ನು ಮೇಲೆ ಸ್ಕೂಲಿನ ಕಾರು ತರುವ ಹಾಗಿಲ್ಲ, ಪರೀಕ್ಷೆಯ ಮೈದಾನದಲ್ಲಿ ಅವರೇ ಇಟ್ಟಿರುವ ಹೊಸ ಕಾರಿನಲ್ಲೇ ಓಡಿಸಿ ತೋರಿಸಬೇಕು. ಭಾವ ಕೇರ್ ಮಾಡಲಿಲ್ಲ. "ಈಜು ಬಂದವನಿಗೆ ಯಾವ ನೀರಾದ್ರೇನು?" ಎಂದರು. ಮೊದಲ ವಾರ ಹೋದವರೆಲ್ಲ ಫೇಲಾಗಿ ಬಂದರು. ಒಬ್ಬರಲ್ಲ ಇಬ್ಬರಲ್ಲ, ಹೋದವರೆಲ್ಲ. ಬೈಗುಳ ಬಂದದ್ದು ನನ್ನ ಫೋನಿಗೆ. ಭಾವ ಮಾತ್ರ ಕಾರಿನ ಮೇಲೆ, ಮೈದಾನದ ಮೇಲೆ, ಪರೀಕ್ಷೆ ಮಾಡುವ ಅಧಿಕಾರಿಯ ಮೇಲೆ ತಪ್ಪು ಹೊರಿಸುತ್ತ ಹೋದರು. "ಈಗಿನ ಕಾರುಗಳಲ್ಲಿ ಜೀವಾನೇ ಇಲ್ಲ. ಮುಟ್ಟಿದ್ರೆ ಕುಣಿಯುತ್ತೆ. ಅದನ್ನ ಕಾರು ಅಂತಾರಾ?"

"ಭಾವ, ಎಲ್ಲರೂ ಒಂದೇ ಥರ ಫೇಲಾಗ್ತಿದ್ದಾರಲ್ಲ" ಎಂದೆ.

"ನೀನು ಫೋನ್ ನೋಡ್ಕೋ" ಎಂದರು.

ಅಕ್ಕನ ಸರದಿ ಬಂತು. ನಾನೂ ಭಾವನೂ ಮೈದಾನದ ತಂತಿಬೇಲಿಯ ಹೊರಗೆ ನಿಂತಿದ್ದೆವು. ಅವಳು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ವಾರ್ಡಿಗೆ ಹೋಗುವಷ್ಟೇ ಶಾಂತವಾಗಿ ಆ ನೀಲಿ ಕಾರಿನಲ್ಲಿ ಕೂತಳು. ಬಾಗಿಲನ್ನು ಎತ್ತಿ ಹಾಕಿದಳು. ಪಕ್ಕದಲ್ಲಿ ಕೂತಿದ್ದ ಅಧಿಕಾರಿ ಅದನ್ನು ನೋಡಿ ಒಂದು ಸಲ ಕಣ್ಣು ಮುಚ್ಚಿ ತೆರೆದದ್ದು ನನಗೆ ಬೇಲಿಯಿಂದಲೇ ಕಾಣಿಸಿತು. ಅವನಿಗೆ ಗೊತ್ತಾಗಿಹೋಗಿತ್ತು, ಇವರು ಯಾವ ಸ್ಕೂಲಿನವರೆಂದು. ಅಕ್ಕ ಕ್ಲಚ್ಚಿನಿಂದ ಕಾಲನ್ನು ಬೇಗ ಬೇಗ ಮೇಲಕ್ಕೆ ತಂದಳು. ಹೊಸ ಕ್ಲಚ್ಚು ಕೆಳಗೇ ಹಿಡಿದುಕೊಂಡಿತು, ಕಾರು ಜಿಗಿದು ಆಫ್ ಆಯಿತು. ಎರಡನೆಯ ಸಲವೂ ಹಾಗೇ. ಹೇಗೋ ಹೊರಟಳು. ನೇರ ದಾರಿಯಲ್ಲಿ ಕೈ ಒಂಚೂರು ಬಲಕ್ಕೆ ಹಿಡಿದಿದ್ದರಿಂದ ಕಾರು ಮೆಲ್ಲಗೆ ಬಲಕ್ಕೆ, ಬಲಕ್ಕೆ ಸರಿದು ಬಿಳಿ ಗೆರೆ ದಾಟಿತು. ಎಡ ತಿರುವು ಚೆನ್ನಾಗಿಯೇ ತಿರುಗಿದಳು. ಇಂಡಿಕೇಟರ್ ತಾನಾಗಿಯೇ ಆರಿತು. ಆರಿದ್ದನ್ನು ಅವಳು ಮತ್ತೆ ತಳ್ಳಿದಳು. ಎಡಕ್ಕೆ ತಿರುಗಿ ಬಂದ ಕಾರು ಬಲಕ್ಕೆ ಹೋಗುತ್ತೇನೆಂದು ಮಿನುಗುತ್ತ ಮೈದಾನದ ಉದ್ದಕ್ಕೂ ಬಂತು.

ಪಕ್ಕದಲ್ಲಿ ನಿಂತಿದ್ದವರು ಯಾರೋ ನಕ್ಕರು. ನನಗೆ ಅವರ ಮೂಗು ಜಜ್ಜುವಷ್ಟು ಸಿಟ್ಟು ಬಂತು.

ಮನೆಗೆ ಬರುವಾಗ ಭಾವ ಎಂದಿನಂತೆ ಕೈ ಬಲಕ್ಕೆ ಹಿಡಿದು ಅತ್ತೆಯನ್ನು ಓಡಿಸಿದರು. ಅರ್ಧ ದಾರಿಯಲ್ಲಿ ಹೇಳಬಾರದ ಮಾತು ಹೇಳಿದರು. "ನಾನು ಹೇಳಿಕೊಟ್ಟ ಹಾಗೆ ಮಾಡಿದ್ದಿದ್ರೆ ಆಗ್ತಿತ್ತು."

"ನೀವು ಹೇಳಿಕೊಟ್ಟ ಹಾಗೇ ಮಾಡಿದೆ. ಅದಕ್ಕೇ ಆಗ್ಲಿಲ್ಲ" ಎಂದಳು ಅಕ್ಕ. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ಗೋಡೆ ಹಿಡಿದು ಚಪ್ಪಲಿ ಬಿಟ್ಟಳು, ಒಳಗೆ ಹೋಗಿ ಮಾರನೆಯ ದಿನದ ವಾರ್ಡಿನ ಬಟ್ಟೆ ತೆಗೆದಿಟ್ಟಳು. ತಿಂಗಳು ಮುಗಿಯುವುದರೊಳಗೆ ಇನ್ನೊಂದು ಸಲ ಪರೀಕ್ಷೆಗೆ ಕೂರಬಹುದಿತ್ತು, ಒಂದೇ ಒಂದು ಸಲ. ಅದೂ ಹೋದರೆ ಕೆಲಸವೂ ಹೋಯಿತು, ಉಳಿದ ಸರ್ವೀಸು ವಾರ್ಡಿನಲ್ಲಿ ನಿಂತೇ ಕಳೆಯಬೇಕು.

ಬೆಳಿಗ್ಗೆ ಭಾವ ಮೈದಾನಕ್ಕೆ ಹೊರಟರು. ಕಾಲು ಕೆರೆದು ಜಗಳಕ್ಕೆ ಹೋಗುವವರ ಮುಖ. ನಾನು ಬೇಡವೆಂದರೂ ಕೇಳದೆ ಹೋದದ್ದರಿಂದ ನಾನೂ ಹಿಂದೆ ಹೋದೆ. ಅಧಿಕಾರಿ ಇನ್ನೂ ಟೀ ಕುಡಿಯುತ್ತಿದ್ದ. ಭಾವ ನಿಂತಲ್ಲೇ ಶುರುಮಾಡಿದರು. ಕಾರು ಸರಿಯಿಲ್ಲ, ಕ್ಲಚ್ಚು ಸರಿಯಿಲ್ಲ, ಸ್ಟೇರಿಂಗು ಬಲಕ್ಕೆ ಎಳೆಯುತ್ತೆ, ಇಂಡಿಕೇಟರ್ ತಾನೇ ಹತ್ತುತ್ತೆ, ಇಂಥ ಕಾರಿನಲ್ಲಿ ಯಾರು ತಾನೇ ಪಾಸಾಗ್ತಾರೆ.

ಅವನು ಪೂರ್ತಿ ಕೇಳಿದ. ಕೀಲಿ ತೆಗೆದು ಭಾವನ ಮುಂದೆ ಹಿಡಿದ. "ಒಂದು ಸುತ್ತು ನೀವೇ ಹೊಡೀರಿ ಮೇಷ್ಟ್ರೇ. ತಪ್ಪು ಕಾರಿನದಾದ್ರೆ ನಾನೇ ಮೇಲಿನವರಿಗೆ ತಿಳಿಸ್ತೀನಿ."

ಭಾವ ಕೀಲಿಯನ್ನು ಕಸಿದುಕೊಂಡೇ ಹೋದರು. ಕೂತರು. ಬಾಗಿಲು ಎತ್ತಿ ಹಾಕಿದರು.

ಆಮೇಲೆ ಆದದ್ದನ್ನು ಉದ್ದಕ್ಕೆ ಹೇಳಲು ನನಗೆ ಇಷ್ಟವಿಲ್ಲ. ಕಾರು ಜಿಗಿದು ಆಫ್ ಆಯಿತು. ಮತ್ತೆ ಜಿಗಿಯಿತು. ಗೆರೆ ದಾಟಿತು. ಎಡಕ್ಕೆ ತಿರುಗಿ, ಬಲಕ್ಕೆ ಮಿನುಗುತ್ತ ಬಂತು. ಆಯುಷ್ಯವೆಲ್ಲ ಊರಿಗೆ ಓಡಿಸಲು ಕಲಿಸಿದ ಮನುಷ್ಯ ನಿನ್ನೆ ಅಕ್ಕ ಮಾಡಿದ್ದನ್ನೇ ಮಾಡಿದರು, ಒಂದೂ ಬಿಡದೆ. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವತ್ತು ನಗು ಬರಲಿಲ್ಲ. ಅರ್ಧ ಸುತ್ತಿನಲ್ಲಿ ಭಾವ ಕಾರು ನಿಲ್ಲಿಸಿ, ಮಿನುಗುತ್ತಿದ್ದ ದೀಪವನ್ನೇ ನೋಡುತ್ತ ಕೂತರು. ಆಮೇಲೆ ಇಳಿದು, ಕೀಲಿ ಕೊಟ್ಟು, "ಕಾರು ಸರಿಯಾಗಿದೆ ಸರ್" ಎಂದರು. ಆ ಅಧಿಕಾರಿಯೂ ದೊಡ್ಡವನೇ, ಕೀಲಿ ಜೇಬಿಗೆ ಹಾಕಿಕೊಂಡು ಭಾವನಿಗೂ ಒಂದು ಟೀ ತರಿಸಿದ.

ಹೊರಗೆ ಬಂದವರು ಮನೆಯ ದಾರಿ ಹಿಡಿಯಲಿಲ್ಲ. ಹಿಂದಿನ ಬೀದಿಗೆ ತಿರುಗಿದರು. ಅಲ್ಲಿ ಇನ್ನೊಂದು ಡ್ರೈವಿಂಗ್ ಸ್ಕೂಲು ಇತ್ತು. ನಡೆಸುತ್ತಿದ್ದವಳು ಒಬ್ಬ ಹುಡುಗಿ, ಭಾವನ ಕೈಯಲ್ಲೇ ಕಲಿತವಳು. ಅವಳು ಕೆಂಪು ಬಣ್ಣದ ಸಣ್ಣ ಕಾರು ಇಟ್ಟು ಸ್ಕೂಲು ತೆರೆದಾಗಿನಿಂದ ಭಾವ ಅದನ್ನು 'ಆಟದ ಸಾಮಾನಿನ ಅಂಗಡಿ' ಎಂದೇ ಕರೆಯುತ್ತಿದ್ದರು. ಎದುರಿಗೆ ಸಿಕ್ಕರೂ ನೋಡದವರಂತೆ ಹೋಗುತ್ತಿದ್ದರು. ಅವರು ಆ ಬಾಗಿಲಲ್ಲಿ ನಿಂತದ್ದನ್ನು ಕಂಡು ಅವಳು ಗಾಬರಿಯಿಂದ ಎದ್ದು ನಿಂತಳು. "ಬನ್ನಿ ಮೇಷ್ಟ್ರೇ! ಏನಾಯ್ತು?"

"ನನ್ನ ಹೆಂಡತಿಗೆ ಕಲಿಸಬೇಕು" ಎಂದರು ಭಾವ. ಕೆಂಪು ಕಾರಿನ ಕಡೆ ನೋಡಿದರು. "ನನಗೂ."

ಅವಳು ನನ್ನತ್ತ ನೋಡಿದಳು. ನಾನು ತಲೆಯಾಡಿಸಿದೆ. "ನಾನೂ ಮೊದಮೊದಲು ಹಾಗೇ ಮೇಷ್ಟ್ರೇ," ಎಂದಳು ಮೆಲ್ಲಗೆ. "ಈ ಕಾರು ತಗೊಂಡಾಗ ದಿನಾ ಗೆರೆ ದಾಟ್ತಿದ್ದೆ. ನಿಮಗೆ ಬಂದು ಹೇಳೋಣ ಅಂತ ಎಷ್ಟೋ ಸಲ ಅಂದ್ಕೊಂಡೆ. ಧೈರ್ಯ ಬರಲಿಲ್ಲ."

"ಬಂದಿದ್ರೆ ಬೈದು ಕಳಿಸ್ತಿದ್ದೆ" ಎಂದರು ಭಾವ. ಅದೂ ನಿಜವೇ.

ಮಾರನೆಯ ದಿನದಿಂದ ಕೆಂಪು ಕಾರಿನಲ್ಲಿ ಪಾಠ. ಅಕ್ಕ ಓಡಿಸುವಾಗ ಭಾವ ಹಿಂದಿನ ಸೀಟಿನಲ್ಲಿ, ಭಾವ ಓಡಿಸುವಾಗ ಅಕ್ಕ ಹಿಂದಿನ ಸೀಟಿನಲ್ಲಿ. ಜಗಳ ಬಿಡಿಸುವ ಕೆಲಸ ಈಗ ಆ ಹುಡುಗಿಯದು. ಸಿಕ್ಕಿದ ಅವಕಾಶವನ್ನು ಅಕ್ಕ ಬಿಡುತ್ತಾಳೆಯೇ? "ಕ್ಲಚ್! ಕ್ಲಚ್ ಮೇಷ್ಟ್ರೇ, ಕ್ಲಚ್!" ಎಂದು ಹಿಂದಿನಿಂದ ಕೂಗುತ್ತಿದ್ದಳಂತೆ. ಭಾವ ಹಲ್ಲು ಕಚ್ಚಿಕೊಂಡು, "ನಾನೇನು ಕಿವುಡನಾ?" ಎನ್ನುತ್ತಿದ್ದರಂತೆ. ಕಲಿಯುವುದಕ್ಕಿಂತ ಮರೆಯುವುದು ಕಷ್ಟವಾಯಿತು. ತಿರುಗಿದ ಮೇಲೆ ಇಂಡಿಕೇಟರ್ ತಳ್ಳುವ ಚಟ ಬಿಡಲು ಅಕ್ಕ ಅಡುಗೆಮನೆಯಲ್ಲಿ ಒಲೆಯಿಂದ ತಿರುಗುವಾಗಲೂ ಬೆರಳು ಬಿಗಿಹಿಡಿದು ನಿಲ್ಲುತ್ತಿದ್ದಳು. ಭಾವ ಮುಂದಿನ ಕೋಣೆಯ ಬಿಡಿ ಸ್ಟೇರಿಂಗಿನ ಮುಂದೆ ಕೂತು, ಯಾರೂ ಇಲ್ಲದಾಗ, ಕೈ ನೇರ ಹಿಡಿಯುವುದನ್ನು ಅಭ್ಯಾಸ ಮಾಡುತ್ತಿದ್ದರು. ನಾನು ಹೋದರೆ ಅದರ ಧೂಳು ಒರೆಸುತ್ತಿದ್ದರು.

ಎರಡನೆಯ ಪರೀಕ್ಷೆಯ ದಿನ ಬೇಲಿಯ ಹೊರಗೆ ಭಾವ ನನ್ನ ಕೈ ಹಿಡಿದುಕೊಂಡು ನಿಂತಿದ್ದರು, ತಮಗೆ ಗೊತ್ತಿಲ್ಲದೆಯೇ. ಅಕ್ಕ ಕೂತಳು. ಬಾಗಿಲ ಹಿಡಿಯ ಮೇಲೆ ಕೈ ಇಟ್ಟು ಒಂದು ಕ್ಷಣ ತಡೆದಳು. ಸುಮ್ಮನೆ ಎಳೆದುಕೊಂಡಳು. ಬಾಗಿಲು ಟಪ್ ಎಂದು ಕೂತಿತು. "ಆಯ್ತು" ಎಂದರು ಭಾವ, ಅಷ್ಟಕ್ಕೇ. ಉಳಿದದ್ದನ್ನು ಅವರು ನೋಡಲಿಲ್ಲ, ನಾನೇ ಹೇಳುತ್ತ ಹೋದೆ. ಹೊರಟಳು ಭಾವ. ನೇರ ಹೋಗ್ತಿದ್ದಾಳೆ. ತಿರುಗಿದಳು. ದೀಪ ಆರಿತು. ಕೈ ಹಾಕಲಿಲ್ಲ, ಭಾವ, ಕೈ ಹಾಕಲಿಲ್ಲ. ಅವರಿಗೆ ಕಣ್ಣಲ್ಲಿ ನೀರು ತುಂಬಿತ್ತು. ನನಗೂ.

ಲೈಸೆನ್ಸನ್ನು ಮೇಟ್ರನ್‌ಗೆ ತೋರಿಸಿ ಅಕ್ಕ ಕೆಲಸ ತೆಗೆದುಕೊಂಡಳು. ಆ ವಾರವೇ ಭಾವ ಅಂಗಳದಲ್ಲಿ ಕಾರಿನ ಮೇಲೆ ಹತ್ತಿ, ಅದರ ನೆತ್ತಿಯ ಮೇಲಿದ್ದ ಸ್ಕೂಲಿನ ಬೋರ್ಡನ್ನು ಬಿಚ್ಚಲು ಕೂತರು. ಬೋಲ್ಟುಗಳು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಕದಲಲಿಲ್ಲ. ಮೆಕ್ಯಾನಿಕ್ಕನ್ನು ಕರೆಸಬೇಕಾಯಿತು. ಅವನು ಎಣ್ಣೆ ಬಿಟ್ಟು ಕಾಯುತ್ತ, "ಯಾಕೆ ಮೇಷ್ಟ್ರೇ ಬಿಚ್ಚೋದು? ಸ್ಟಾರ್ಟ್ ಆಗ್ತಿಲ್ವಾ?" ಎಂದು ಕೇಳಿದ.

"ಆಗುತ್ತೆ."

"ಮತ್ತೆ?"

"ಹಳೇದಾಯ್ತು" ಎಂದರು ಭಾವ. ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಮೆಕ್ಯಾನಿಕ್ಕನ ಕೈಯ ಎಣ್ಣೆ ಡಬ್ಬಿ ಹಾಗೇ ನಿಂತಿತು. "ಒಂದು ಕಾರು ಹಳೇದಾಯ್ತು ಅಂತ ಯಾವಾಗ ಹೇಳ್ಬೇಕು ಗೊತ್ತೇನೋ? ಅದರಲ್ಲಿ ಕಲಿತವನಿಗೆ ಬೇರೆ ಕಾರು ಓಡಿಸೋಕೆ ಬರದೇ ಹೋದಾಗ. ಅವನು ಡ್ರೈವಿಂಗ್ ಕಲಿತಿಲ್ಲ, ಆ ಕಾರನ್ನ ಕಲಿತಿದ್ದಾನೆ, ಅಷ್ಟೇ. ಇದು ಯಾವತ್ತೋ ಹಳೇದಾಗಿತ್ತು. ನಾನು ಒಪ್ಪಿಕೊಳ್ಳೋದು ತಡವಾಯ್ತು."

ಈಗ ಸ್ಕೂಲಿಗೆ ಬೇರೆ ಕಾರಿದೆ. ಫೇಲಾದವರನ್ನೆಲ್ಲ ನನ್ನಿಂದಲೇ ಫೋನ್ ಮಾಡಿಸಿ ಕರೆಸಿ ಮತ್ತೆ ಕಲಿಸಿದರು. ಹಿಂದಿನ ಬೀದಿಯ ಹುಡುಗಿ ಆಗಾಗ ಬಂದು ಬೆಂಚಿನ ಮೇಲೆ ಕೂತು ಹರಟುತ್ತಾಳೆ. ಅತ್ತೆಯನ್ನು ಮಾರಲಿಲ್ಲ. ಅಂಗಳದ ಮೂಲೆಯಲ್ಲಿ ನಿಂತಿರುತ್ತದೆ. ರಜೆಯ ದಿನ ಮಧ್ಯಾಹ್ನದ ಮೇಲೆ ಅಕ್ಕ, ಭಾವ ಇಬ್ಬರೇ ಅದರಲ್ಲಿ ಒಂದು ಸುತ್ತು ಹೋಗಿಬರುತ್ತಾರೆ. ಓಡಿಸುವವಳು ಅಕ್ಕ. ವಾರವೆಲ್ಲ ಆಸ್ಪತ್ರೆಯ ಕಾರು ಓಡಿಸಿ, ರಜೆಯ ದಿನ ಇದಕ್ಕೆ ಕೂತರೆ ಕೈಕಾಲು ತಾವಾಗಿಯೇ ಹಳೆಯ ಲಯಕ್ಕೆ ಬರುತ್ತವಂತೆ.

ಮೊನ್ನೆ ಅವರು ಹೊರಡುವಾಗ ನಾನು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅಕ್ಕ ಒಳಗೆ ಕೂತು ಸೆರಗು ಸರಿಮಾಡಿಕೊಳ್ಳುತ್ತ, "ರೀ, ಮೆಕ್ಯಾನಿಕ್‌ಗೆ ಏನೋ ಹೇಳಿದ್ರಂತೆ, ಹಳೇದು ಅಂದ್ರೆ ಏನು ಅಂತ" ಎಂದಳು. "ಹಾಗಾದ್ರೆ ನೀವೂ ಹಳೇಬ್ರೇ."

"ನಾನ್ಯಾಕೆ?" ಎಂದರು ಭಾವ.

"ಮತ್ತೆ? ನಾನು ಸಂಸಾರ ಎಲ್ಲಿ ಕಲಿತೆ? ನಿಮ್ಮನ್ನ ಕಲಿತೆ. ಬೇರೆ ಯಾರ ಜೊತೆಗೂ ಬಾಳೋಕೆ ಇನ್ನು ನನಗೆ ಬರೋದಿಲ್ಲ."

ಭಾವ ಕಾರನ್ನು ಸುತ್ತಿ ಬಂದರು. ಆಮೇಲೆ ಅವಳ ಕಡೆಯ ಬಾಗಿಲನ್ನು ಎರಡೂ ಕೈಯಿಂದ ಹಿಡಿದು, ಒಂಚೂರು ಎತ್ತಿ, ಮೆಲ್ಲಗೆ ಹಾಕಿದರು.